ಯಜಮಾನರ ಹೆಬ್ಬೆರಳು

"ನೆಲ ಯಾರಪ್ಪಂದು ಅಂದ್ಕೊಂಡಿದ್ದೀಯ? ನಮ್ಮಪ್ಪಂದು. ನೀವು ಇಟ್ಟಿಗೆ ಮೇಲೆ ಇಟ್ಟಿಗೆ ಇಟ್ಟಿದ್ದೀರಿ, ಅಷ್ಟೇ. ಬೇಕಾದ್ರೆ ಇಟ್ಟಿಗೆ ಕಿತ್ಕೊಂಡು ಹೋಗಿ, ಯಾರು ಬೇಡ ಅಂದೋರು?"

ಚಿಕ್ಕ ಯಜಮಾನ ತನ್ನಪ್ಪನ ಕುರ್ಚಿಯಲ್ಲಿ ಒರಗಿ ಕೂತು ಈ ಮಾತು ಹೇಳಿದ. ಮೇಜಿನ ಈಚೆ ನಾವು ಮೂವರು ನಿಂತಿದ್ದೆವು, ನನ್ನ ಅತ್ತೆ, ನನ್ನ ಗಂಡ, ನಾನು. ಗೋಡೆಗೆ ಒತ್ತಿ ಒಂದು ಬೆಂಚಿತ್ತು. ಕೂತ್ಕೊಳ್ಳಿ ಎಂದು ಅವನು ಹೇಳಲಿಲ್ಲ, ನಮಗೂ ಕೂರುವ ಮನಸ್ಸಿರಲಿಲ್ಲ. ಕಿಟಕಿಯಾಚೆ ಲಾಂಡ್ರಿಯ ಅಂಗಳದಲ್ಲಿ ಹೋಟೆಲಿನ ಬೆಡ್‌ಶೀಟುಗಳು ಸಾಲಾಗಿ ಒಣಗುತ್ತಿದ್ದವು. ಅವುಗಳ ನಡುವೆ ಇಬ್ಬರು ಗಂಡಸರು ಅಳತೆಯ ಟೇಪು ಹಿಡಿದು ಓಡಾಡುತ್ತಿದ್ದರು. ಒದ್ದೆ ಬಟ್ಟೆ ಮುಖಕ್ಕೆ ಬಡಿದಾಗಲೆಲ್ಲ ನಮ್ಮ ಹೆಂಗಸರಿಗೆ ಬೈಯುತ್ತಿದ್ದರು.

"ಏನಂದ್ರಿ?" ಎಂದ ನನ್ನ ಗಂಡ.

"ಯಾಕೆ, ಕಿವಿ ಕೇಳ್ಸಲ್ವಾ?"

ನನ್ನ ಗಂಡ ಲಾಂಡ್ರಿಯ ಬಾಯ್ಲರ್ ನೋಡಿಕೊಳ್ಳುವವನು. ಅವನಿಗೆ ಒಂದು ಕಿವಿ ಕೇಳಿಸದಿರುವುದು ನಿಜ. ಆ ಕಿವಿ ಹೋಗಿದ್ದು ಈ ಮನೆತನದ ಬಾಯ್ಲರಿನ ಸದ್ದಿಗೇ.

"ಒಂದು ಕಿವಿ ಚೆನ್ನಾಗಿಯೇ ಕೇಳ್ಸುತ್ತೆ. ಮುಷ್ಕರದ ಟೈಮಲ್ಲಿ ಗೇಟಿನ ಮುಂದೆ ಸ್ಟೂಲ್ ಹತ್ತಿ ನೀವು ಕೂಗಿದ್ದೂ ಕೇಳಿಸಿತ್ತು. ಈ ನೆಲ ಯಾರಪ್ಪಂದೂ ಅಲ್ಲ, ದುಡಿಯೋರದು. ನೀವೇ ತಾನೆ ಕೂಗಿದ್ದು?"

ಚಿಕ್ಕ ಯಜಮಾನ ನಕ್ಕ. ಅದೇನೂ ನಾಚಿಕೆಯ ನಗು ಆಗಿರಲಿಲ್ಲ. ಚಿಕ್ಕಂದಿನ ತುಂಟಾಟ ಯಾರಾದರೂ ನೆನಪಿಸಿದಾಗ ನಗುತ್ತಾರಲ್ಲ, ಹಾಗೆ ನಕ್ಕ.

"ಆಗ ನನ್ನ ಹತ್ರ ಏನಿತ್ತೋ? ಏನೂ ಇಲ್ದೋನು ಏನು ಬೇಕಾದ್ರೂ ಕೂಗಬಹುದು."

"ನಮ್ಮ ಹತ್ರ ಈಗ್ಲೂ ಏನೂ ಇಲ್ಲ. ಕೂಗ್ಲಾ?"

ಅತ್ತೆ ಮಗನ ತೋಳು ಹಿಡಿದು ಹಿಂದೆ ಎಳೆದರು. ಅವರ ಕೈಗಳು ಮೊಣಕೈಯವರೆಗೂ ಬಿಳಿಚಿಕೊಂಡು ಸೀಳು ಬಿಟ್ಟಿವೆ. ಜೀವಮಾನವೆಲ್ಲ ಬಟ್ಟೆಗೆ ಗಂಜಿ ಹಾಕಿದ ಕೈಗಳು. ಲಾಂಡ್ರಿಯಲ್ಲಿ ಅವರನ್ನು ಯಾರೂ ಹೆಸರಿನಿಂದ ಕರೆದಿಲ್ಲ, ಎಲ್ಲರಿಗೂ ಗಂಜಿಯಮ್ಮ. ಚಿಕ್ಕ ಯಜಮಾನನೂ ಮಾತು ಬಂದಾಗಿನಿಂದ ಗಂಜಿಯಮ್ಮ ಎಂದೇ ಕರೆದವನು. ಬೇಕಾದ್ದು ಇದ್ದಾಗ ಮಾತ್ರ ಬರೀ ಅಮ್ಮ.

"ಮಗಾ," ಎಂದರು ಅತ್ತೆ, "ಕೋಣೆಗಳು ನಮಗೇ ಅಂತ ನೀನು ಮಾತು ಕೊಟ್ಟಿದ್ದೆ."

"ಮಾತು ಕೊಟ್ಟಿದ್ದೆ ಅನ್ನೋಕೆ ಸಾಕ್ಷಿ ಯಾರಿದ್ದಾರೆ?"

ಸಾಕ್ಷಿ ಕೇಳಿದ್ದು ಯಾರ ಮುಖ ನೋಡಿ! ಅವನಿಗೆ ಈ ಲಾಂಡ್ರಿ, ಈ ಅಂಗಳ, ಈ ಕುರ್ಚಿ ಸಿಕ್ಕಿದ್ದೇ ಅತ್ತೆ ಹೇಳಿದ ಸಾಕ್ಷಿಯಿಂದ. ಅತ್ತೆ ಅವನನ್ನೇ ನೋಡುತ್ತ ನಿಂತರು.

ಅವನಿಗೂ ಒಂದು ಗಳಿಗೆ ಇರಿಸುಮುರಿಸಾಗಿರಬೇಕು. ದನಿ ತಗ್ಗಿಸಿದ.

"ನಿನ್ನ ವಿಷಯ ಬೇರೆ. ನಿನ್ನನ್ನ ಬೀದಿಗೆ ಬಿಡ್ತೀನಾ ನಾನು? ನನ್ನ ಹೆಂಡ್ತಿ ತಾಯಿ ಹಾಸಿಗೆ ಹಿಡಿದಿದ್ದಾರೆ, ಎದ್ದು ಕೂರೋಕೂ ಆಗಲ್ಲ. ಮನೇಲಿ ಅಡುಗೆಮನೆ ಹಿಂದೆ ಒಂದು ರೂಮಿದೆ. ಬಂದು ಇದ್ದುಬಿಡು. ಅವರನ್ನ ನೋಡ್ಕೊಂಡು, ಊಟ ಮಾಡ್ಕೊಂಡು. ಅಪ್ಪನ್ನ ಎಷ್ಟು ಚೆನ್ನಾಗಿ ನೋಡ್ಕೊಂಡೆ ನೀನು, ಆ ಥರ ಯಾರ ಕೈಲೂ ಆಗಲ್ಲ."

ನನ್ನ ಗಂಡ ಮೇಜಿಗೆ ಒದ್ದ. "ಸೂಳೆಮಗನೇ, ನಮ್ಮವ್ವ ಇನ್ನೂ ಯಾರ್ಯಾರ ಹೇಲು ಬಾಚ್ಬೇಕೋ?" ಎಂದು ಕೂಗಿದ. ಹೊರಗಿನಿಂದ ಕಾವಲಿನವರು ಓಡಿ ಬಂದರು. ನಮ್ಮನ್ನು ಕತ್ತು ಹಿಡಿದು ಅಂಗಳಕ್ಕೆ ತಳ್ಳಿದರು. ಅಲ್ಲಿ ಟೇಪಿನ ಒಂದು ತುದಿ ನಮ್ಮ ಕೋಣೆಯ ಹೊಸಿಲ ಮೇಲಿತ್ತು.

*

ಕೋಣೆಗಳ ವಿಷಯ ಹೇಳಬೇಕು.

ಲಾಂಡ್ರಿ ದೊಡ್ಡ ಯಜಮಾನರಿಗೆ ಅವರಪ್ಪನಿಂದ ಬಂತು, ಅವರಪ್ಪನಿಗೆ ಅವರಪ್ಪನಿಂದ. ದೊಡ್ಡ ಯಜಮಾನರು ಹುಟ್ಟಿದಾಗಿನಿಂದ ಒಂದು ಕರವಸ್ತ್ರ ಹಿಂಡಿದವರಲ್ಲ. ನಮ್ಮ ಅತ್ತೆಗೂ ಅವರಮ್ಮನಿಂದ ಬಂದದ್ದಿದೆ, ಅದು ಗಂಜಿ ತೊಟ್ಟಿಯ ಮುಂದಿನ ಜಾಗ. ನನ್ನ ಗಂಡನಿಗೆ ಅವನಪ್ಪನಿಂದ ಬಾಯ್ಲರ್ ಬಂತು, ಕೆಮ್ಮೂ ಬಂತು. ನಾನು ಮದುವೆಯಾಗಿ ಬಂದವಳು, ನನಗೆ ಇಸ್ತ್ರಿ ಮೇಜು ಸಿಕ್ಕಿತು. ಹೀಗೆ ಎರಡೂ ಕಡೆ ವಂಶ ಬೆಳೆಯಿತು.

ಹಳೇ ಬಾಯ್ಲರ್ ಮನೆ ಕೆಡವಿದಾಗ ಮುರುಕು ಇಟ್ಟಿಗೆಯ ಗುಡ್ಡೆ ಅಂಗಳದ ಹಿಂದೆ ಬಿದ್ದಿತ್ತಂತೆ. ಅದನ್ನು ಸಾಗಿಸಲು ಗಾಡಿ ಬಾಡಿಗೆ ಯಾರು ಕೊಡುತ್ತಾರೆ ಎಂದು ದೊಡ್ಡ ಯಜಮಾನರು, "ಬೇಕಾದ್ರೆ ನೀವೇ ಏನಾದ್ರೂ ಕಟ್ಕೊಳ್ರೋ" ಅಂದರಂತೆ. ರಜೆಯ ದಿನಗಳಲ್ಲಿ ಎಲ್ಲರೂ ಸೇರಿ ಒಂದು ಸಾಲು ಕೋಣೆ ಎಬ್ಬಿಸಿದರು. ನನ್ನ ಗಂಡ ಹೊಟ್ಟೆಯಲ್ಲಿದ್ದಾಗ ಅತ್ತೆ ಗಾರೆ ಹೊತ್ತಿದ್ದಾರೆ. ಗೋಡೆ ನೆಟ್ಟಗಿಲ್ಲ, ಒಂದು ಕಡೆ ಹೊಟ್ಟೆ ಬಿಟ್ಟಿದೆ. ಆದರೂ ಲಾಂಡ್ರಿಯ ಅಷ್ಟೂ ಜನರ ಸಂಸಾರ, ಹೆರಿಗೆ, ಸಾವು ಆ ಕೋಣೆಗಳಲ್ಲೇ ನಡೆದದ್ದು. ಹೊರಗೆ ಬಾಡಿಗೆಗೆ ಹೋಗುತ್ತೇವೆಂದರೆ ನಮ್ಮ ಸಂಬಳದಲ್ಲಿ ಬಾಗಿಲು ಮಾತ್ರ ಸಿಗುತ್ತದೆ, ಕೋಣೆ ಸಿಗುವುದಿಲ್ಲ.

ಚಿಕ್ಕ ಯಜಮಾನ ಬೆಳೆದದ್ದೂ ಅರ್ಧ ಅಲ್ಲೇ. ತಾಯಿ ಬೇಗ ಹೋದಳು. ದೊಡ್ಡ ಮನೆಯಲ್ಲಿ ತಿನ್ನಲು ಇತ್ತು, ತಿನ್ನಿಸುವವರು ಇರಲಿಲ್ಲ. ಅತ್ತೆ ಒಂದೇ ತಟ್ಟೆಯಲ್ಲಿ ಅವನಿಗೂ ತನ್ನ ಮಗನಿಗೂ ಕಲಸಿ ಕೊಟ್ಟಿದ್ದಾರೆ. ಕಾಲೇಜಿಗೆ ಹೋಗುವ ಹೊತ್ತಿಗೆ ಅವನಿಗೆ ನ್ಯಾಯದ ಹುಚ್ಚು ಹಿಡಿಯಿತು. ಕೂಲಿಗಾಗಿ ನಾವು ಗೇಟಿನ ಮುಂದೆ ಕೂತಾಗ ಬಂದು ನಮ್ಮ ಚಾಪೆಯ ಮೇಲೆ ಕೂತ. ಅವನಪ್ಪ ಎಲ್ಲರೆದುರು ಅವನ ಕೆನ್ನೆಗೆ ಹೊಡೆದರು. ಅಲ್ಲಿಗೆ ಮುಗಿಯಿತು, ಅವನು ನಮ್ಮವನಾದ. ನಮ್ಮ ಗಂಡಸರು ಪೊಲೀಸರ ಕೈಯಲ್ಲಿ ತಿಂದ ಏಟುಗಳಿಗೆ ಲೆಕ್ಕವಿಲ್ಲ, ಅವು ಯಾರಿಗೂ ನೆನಪಿಲ್ಲ. ಅವನ ಆ ಒಂದು ಕಪಾಳಮೋಕ್ಷವನ್ನು ಮಾತ್ರ ನಾವು ಮಕ್ಕಳಿಗೆ ಕಥೆಯಾಗಿ ಹೇಳಿದೆವು. ಥೂ, ನಮ್ಮ ಬುದ್ಧಿಗಿಷ್ಟು.

ದೊಡ್ಡ ಯಜಮಾನರಿಗೆ ಲಕ್ವ ಹೊಡೆದಾಗ ಅತ್ತೆಯನ್ನು ಅವರ ಮನೆಗೆ ಕರೆಸಿಕೊಂಡರು. ನಾನೂ ಹೋಗಿ ಬಂದು ಕೈ ಸೇರಿಸುತ್ತಿದ್ದೆ. ಮಗಳು, ನಾವು ಅಕ್ಕಾವ್ರು ಅನ್ನುತ್ತಿದ್ದೆವು, ಬಾಗಿಲಲ್ಲೇ ಮೂಗಿಗೆ ಸೆರಗು ಹಿಡಿದು ನಿಂತು ನೋಡಿ ಹೋಗುತ್ತಿದ್ದರು. ಮಗನೂ ನೋಡಿದ್ದು ಅಷ್ಟಕ್ಕಷ್ಟೇ. ಆದರೆ ಒಂದು ಸಂಜೆ ಅವನು ನಮ್ಮ ಕೋಣೆಗೆ ಬಂದು, ಚಾಪೆಯ ಮೇಲೆ ಕೂತು, ಚಹಾ ಕುಡಿದು, ಅತ್ತೆಯ ಕಾಲ ಮೇಲೆ ಕೈಯಿಟ್ಟ.

"ಅಮ್ಮಾ, ಅಪ್ಪ ಏನೂ ಬರೆದಿಟ್ಟಿಲ್ಲ. ಹಾಗೇ ಹೋದ್ರೆ ಅಕ್ಕನಿಗೆ ಅರ್ಧ ಹೋಗುತ್ತೆ. ಅವಳು ಮೊದಲ ದಿನವೇ ಮಾರ್ತಾಳೆ. ನೀವೆಲ್ಲ ಎಲ್ಲಿಗೆ ಹೋಗ್ತೀರಿ? ನನ್ನ ಹೆಸರಿಗೆ ಬಂದ್ರೆ ಈ ಕೋಣೆಗಳು ನಿಮ್ಮದೇ. ದೇವ್ರಾಣೆ."

"ನಿಮ್ಮಪ್ಪನಿಗೆ ಮಾತೇ ಬರಲ್ವಲ್ಲ ಮಗಾ."

"ಮಾತು ಬೇಡ. ಬೆರಳು ಸಾಕು."

ಅತ್ತೆ ಚಹಾದ ಲೋಟ ತೆಗೆದಿಟ್ಟರು. ಆಮೇಲೆ, ಹಾಗಿದ್ದರೆ ಕೋಣೆಗಳ ವಿಷಯವನ್ನೂ ಅದರಲ್ಲೇ ಬರೆಸು ಎಂದರು. ಅತ್ತೆ ದಡ್ಡಿಯಲ್ಲ. ಅವನು ಅವರಿಗಿಂತ ಓದಿದವನು, ಅಷ್ಟೇ.

"ಬರೆಸಬಹುದಿತ್ತು. ಆದ್ರೆ ಉಯಿಲಿಗೆ ನೀನೇ ಸಾಕ್ಷಿ ಆಗ್ಬೇಕು. ಉಯಿಲಿಂದ ಲಾಭ ಆಗೋರ ಸಾಕ್ಷಿ ನಡೆಯಲ್ಲ ಅಮ್ಮ, ಅದು ಕಾನೂನು. ನಿನಗೆ ಒಂದು ಹುಲ್ಲುಕಡ್ಡಿನೂ ಸಿಗಲ್ಲ ಅಂತ ಇದ್ರೇನೇ ನಿನ್ನ ಮಾತಿಗೆ ತೂಕ. ಆಮೇಲೆ ನಾನೇ ಕೊಡ್ತೀನಲ್ಲ."

ನಮಗೆ ಅದು ಸರಿ ಅನ್ನಿಸಿತು. ಅವನು ಗೆಲ್ಲಲಿ ಎಂದು ನಮ್ಮ ಪಾಲನ್ನು ನಾವೇ ಬರೆಸದೆ ಬಿಟ್ಟೆವು. ಯಜಮಾನರ ಆಸ್ತಿಗಾಗಿ ಯಜಮಾನರ ಮಕ್ಕಳಿಗಿಂತ ಹೆಚ್ಚು ತಲೆ ಕೆಡಿಸಿಕೊಂಡವರು ನಾವು.

ಮಾರನೆಯ ಮಧ್ಯಾಹ್ನ ವಕೀಲ, ವಕೀಲನ ಗುಮಾಸ್ತ, ಅವನು ದೊಡ್ಡ ಯಜಮಾನರ ಕೋಣೆಗೆ ಬಂದರು. ನಾನು ಆಗಷ್ಟೇ ದೊಡ್ಡ ಯಜಮಾನರ ಅಡಿಯ ಬೆಡ್‌ಶೀಟು ಬದಲಿಸಿ, ಹೊಲಸಾದದ್ದನ್ನು ಮುದುರಿ ಹಿಡಿದು ಮೂಲೆಯಲ್ಲಿದ್ದೆ. ಯಾರೂ ಹೊರಗೆ ಹೋಗು ಎನ್ನಲಿಲ್ಲ. ನಮ್ಮಂಥವರು ಕೋಣೆಯಲ್ಲಿದ್ದರೆ ಕೋಣೆ ಖಾಲಿ ಎಂದೇ ಅವರ ಲೆಕ್ಕ. ದೊಡ್ಡ ಯಜಮಾನರಿಗೆ ಮೂರ್ಛೆ, ಬಾಯಿ ತೆರೆದೇ ಇತ್ತು. ಅತ್ತೆ ಅವರ ಮಣಿಕಟ್ಟು ಎತ್ತಿ ಹಿಡಿದರು. ಮಗ ಅಪ್ಪನ ಹೆಬ್ಬೆರಳನ್ನು ಶಾಯಿಗೆ ಒತ್ತಿ, ಕಾಗದಕ್ಕೆ ಒತ್ತಿದ. ಮೊದಲ ಸಲ ಜಾರಿತು. ಇನ್ನೊಂದು ಕಾಗದ ತೆಗೆದು ಮತ್ತೆ ಒತ್ತಿದ. ಅವರೆಲ್ಲ ಹೋದ ಮೇಲೆ ಅತ್ತೆ ಆ ಬೆರಳನ್ನು ಸೋಪು ಹಾಕಿ ತೊಳೆದರು.

ಆ ವಾರದಲ್ಲೇ ಯಜಮಾನರು ತೀರಿಹೋದರು. ಉಯಿಲು ಸುಳ್ಳು ಎಂದು ಅಕ್ಕಾವ್ರು ಕೋರ್ಟಿಗೆ ಹೋದರು.

ವಕೀಲನ ಗುಮಾಸ್ತನ ಸಾಕ್ಷಿಗೆ ಬೆಲೆ ಬರಲಿಲ್ಲ, ಅವನು ಆ ವಕೀಲನ ಅನ್ನ ತಿನ್ನುವವನು. ಎಲ್ಲ ನಿಂತದ್ದು ಅತ್ತೆಯ ಮೇಲೆ. ಅಕ್ಕಾವ್ರ ವಕೀಲ ಅತ್ತೆಯನ್ನು ಬಟ್ಟೆ ಹಿಂಡಿದ ಹಾಗೆ ಹಿಂಡಿದ. "ಹೇಲುಚ್ಚೆ ಬಳಿಯೋ ಹೆಂಗಸಿಗೆ ಉಯಿಲಿನ ವಿಷಯ ಏನಮ್ಮ ಗೊತ್ತು?" ಎಂದ.

"ಬಳಿದಿದ್ದಕ್ಕೇ ಗೊತ್ತು ಸ್ವಾಮಿ," ಎಂದರು ಅತ್ತೆ. "ಅವರ ಮಗಳು ಬಳಿದಿದ್ರೆ ಅವರಿಗೂ ಗೊತ್ತಿರ್ತಿತ್ತು."

ಕೋರ್ಟಿನಲ್ಲಿ ನಗು ಎದ್ದಿತು. ಜಡ್ಜ್ ಕೂಡ ತುಟಿ ಕಚ್ಚಿಕೊಂಡರು. ಚಿಕ್ಕ ಯಜಮಾನ ಎದ್ದು ನಿಂತು, "ಅವರು ನನ್ನ ತಾಯಿ ಸಮಾನ, ನಾಲಿಗೆ ಬಿಗಿ ಹಿಡೀರಿ" ಎಂದು ವಕೀಲನಿಗೆ ಅಬ್ಬರಿಸಿದ. ನಮ್ಮ ಎದೆ ಉಬ್ಬಿತು. ಆ ಉಬ್ಬಿನಲ್ಲೇ ಅತ್ತೆ ಹೇಳಿದರು, ಯಜಮಾನರಿಗೆ ಪೂರ್ತಿ ಪ್ರಜ್ಞೆ ಇತ್ತು, ಓದಿ ಹೇಳಿದ್ದಕ್ಕೆ ತಲೆಯಾಡಿಸಿದರು, ತಾವೇ ಬೆರಳೊತ್ತಿದರು. ಅದುವರೆಗೆ ಒಂದು ಸುಳ್ಳು ಹೇಳಿ ಅರಿಯದ ಬಾಯಿ, ಅದಕ್ಕೇ ಎಲ್ಲರೂ ನಂಬಿದರು.

ಗೆದ್ದ ದಿನ ಅವನು ಅತ್ತೆಯನ್ನು ತಬ್ಬಿಕೊಂಡ. ಲಾಂಡ್ರಿಯಲ್ಲಿ ಎಲ್ಲರಿಗೂ ಸಿಹಿ ಹಂಚಿದ. ಕೋಣೆಗಳ ಮಾತೆತ್ತಿದರೆ ಸ್ವಲ್ಪ ತಡೀರಿ ಎಂದ. ಅಕ್ಕ ಮೇಲಿನ ಕೋರ್ಟಿಗೆ ಹೋಗಿದ್ದಾಳೆ, ಅದು ಮುಗಿಯಲಿ ಎಂದ. ಹಾಗೆ ತಡೆಯುತ್ತಿರುವಾಗಲೇ ಒಂದು ಬೆಳಗ್ಗೆ ಅಕ್ಕಾವ್ರ ಕಾರು ಅಂಗಳಕ್ಕೆ ಬಂತು. ಅಕ್ಕ ತಮ್ಮ ಇಬ್ಬರೂ ಕೈ ಹಿಡಿದುಕೊಂಡು ಇಳಿದರು. ಅಪ್ಪನ ಕುರ್ಚಿಯ ಮುಂದೆ ನಿಂತು ಇಬ್ಬರೂ ಅತ್ತರು. ಕೇಸಿರುವ ಜಾಗ ಯಾರೂ ಕೊಳ್ಳುವುದಿಲ್ಲ, ಅದಕ್ಕೆ ರಾಜಿಯಾಗಿತ್ತು. ಇಬ್ಬರಿಗೂ ಅರ್ಧರ್ಧ, ಇಡೀ ಜಾಗ ಒಬ್ಬ ದೊಡ್ಡ ಕುಳಕ್ಕೆ ಮಾರಾಟ. ಯಾವುದು ಆಗಬಾರದೆಂದು ಅತ್ತೆ ಸುಳ್ಳು ಹೇಳಿದ್ದರೋ ಅದನ್ನೇ ಅಕ್ಕ ತಮ್ಮ ಒಟ್ಟಿಗೆ ಕೂತು ಮಾಡಿಕೊಂಡರು.

*

ಕತ್ತು ಹಿಡಿದು ತಳ್ಳಿಸಿಕೊಂಡ ದಿನ ಅತ್ತೆ ಊಟ ಮಾಡಲಿಲ್ಲ. ಗೋಡೆ ಹೊಟ್ಟೆ ಬಿಟ್ಟ ಕಡೆ ಬೆನ್ನು ಕೊಟ್ಟು ಕೂತಿದ್ದರು. ನನ್ನ ಗಂಡ ಕೋಣೆಯ ಉದ್ದಕ್ಕೂ ಓಡಾಡುತ್ತ ಆ ಮನೆತನದ ಮೂರು ತಲೆಮಾರಿನ ಹೆಂಗಸರು ಗಂಡಸರು ಯಾರನ್ನೂ ಬಿಡದೆ ಬೈಯುತ್ತಿದ್ದ.

"ಬೈದು ಬಾಯಿ ಯಾಕೆ ಹೊಲಸು ಮಾಡ್ಕೋತೀಯ? ನನ್ನದೇ ಹೊಲಸಾಗಿದೆ," ಎಂದರು ಅತ್ತೆ. "ನಾನು ಹೇಳಿದ್ದಕ್ಕೆ ಅವನಿಗೆ ಬಂತು. ನಾನೇ ಹೋಗಿ ಸುಳ್ಳು ಅಂತೀನಿ. ಆಗ ಹೇಗೆ ಮಾರ್ತಾನೆ ನೋಡೋಣ."

"ಸುಳ್ಳು ಸಾಕ್ಷಿ ಅಂದ್ರೆ ಜೈಲಲ್ವಾ ಅತ್ತೆ?" ಎಂದೆ.

"ಹೌದಂತೆ. ಅಲ್ಲಿ ಬಾಡಿಗೆ ಕೇಳಲ್ವಂತೆ."

ಮಾರನೆಯ ದಿನ ನಾನೇ ಅವರ ಜೊತೆ ಕೋರ್ಟಿಗೆ ಹೋದೆ. ಕಚೇರಿಯ ಗುಮಾಸ್ತ ಡಬ್ಬಿ ಬಿಚ್ಚಿ ಊಟಕ್ಕೆ ಕೂತಿದ್ದ. ನಾವು ನಿಂತಿರುವುದು ಕಂಡರೂ ಪೂರ್ತಿ ಉಂಡು, ಕೈ ತೊಳೆದು, ಹಲ್ಲಿಗೆ ಕಡ್ಡಿ ಹಾಕಿಕೊಂಡ ಮೇಲೆ ತಲೆಯೆತ್ತಿದ.

"ಏನಜ್ಜಿ?"

"ಲಾಂಡ್ರಿ ಕೇಸಲ್ಲಿ ಸುಳ್ಳು ಹೇಳಿದ್ದೆ ಸ್ವಾಮಿ. ಈಗ ನಿಜ ಹೇಳ್ತೀನಿ, ಬರ್ಕೊಳ್ಳಿ."

ಅವನು ಕಡ್ಡಿ ಬಾಯಿಂದ ತೆಗೆದ. "ಆ ಕೇಸು ರಾಜಿ ಆಯ್ತಲ್ಲ."

"ರಾಜಿ ಆಗಿದ್ದು ಅವರಿಬ್ಬರು. ನನ್ನ ಸುಳ್ಳು ಹಾಗೇ ಇದೆ."

"ಅಜ್ಜಿ, ಹುಚ್ಚು ಗಿಚ್ಚು ಹಿಡಿದಿದ್ಯಾ? ಸುಳ್ಳು ಸಾಕ್ಷಿಗೆ ಜೈಲಾಗುತ್ತೆ, ಗೊತ್ತಾ?"

"ಗೊತ್ತು. ಯಾವತ್ತು ಬರ್ಲಿ?"

ಗುಮಾಸ್ತ ನನ್ನ ಕಡೆ ನೋಡಿದ. ಮುದುಕಿಯನ್ನು ಮನೆಯಲ್ಲಿ ಕಟ್ಟಿ ಹಾಕಬಾರದೇ ಎಂಬ ನೋಟ. ಪೊಲೀಸ್ ಠಾಣೆಗೆ ಹೋಗಿ ಎಂದ. ಠಾಣೆಯಲ್ಲಿ ಇನ್ನೂ ಚೆನ್ನಾಗಿತ್ತು. ದೂರು ಯಾರ ಮೇಲೆ ಎಂದು ಕೇಳಿದರು, ನನ್ನ ಮೇಲೇ ಎಂದರು ಅತ್ತೆ. ದೂರು ಕೊಡುವವರು ಯಾರು ಎಂದು ಕೇಳಿದರು, ನಾನೇ ಎಂದರು. ಪೇದೆಗಳು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಇನ್ಸ್‌ಪೆಕ್ಟರ್ ಮಾತ್ರ ನಗದೆ, ಯಾವ ಲಾಂಡ್ರಿ, ಯಾರ ಉಯಿಲು ಎಂದು ವಿಚಾರಿಸಿದ. ಕೇಳಿಸಿಕೊಂಡು, ಪೆನ್ನಿನ ಮುಚ್ಚಳ ಹಾಕಿ, ಕೋರ್ಟಿಗೇ ಹೋಗಿ ಎಂದ.

ನಮ್ಮಂಥವರು ಜೈಲಿಗೆ ಹೋಗುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ನನ್ನ ಗಂಡನನ್ನು ಮುಷ್ಕರದಲ್ಲಿ ಸುಮ್ಮನೆ ನಿಂತಿದ್ದಕ್ಕೆ ಎಳೆದುಕೊಂಡು ಹೋಗಿದ್ದರು. ಈಗ ಒಬ್ಬ ಮುದುಕಿ ತಪ್ಪು ಮಾಡಿದ್ದೇನೆ, ಹಾಕಿಕೊಳ್ಳಿ ಎಂದು ಕೈ ಚಾಚಿದರೆ ಎಲ್ಲರೂ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಾರೆ. ಅತ್ತೆ ದಿನಾ ಕೋರ್ಟಿಗೆ ಹೋಗತೊಡಗಿದರು. ವರಾಂಡದಲ್ಲಿ ಕೂತು ಬಂದವರಿಗೆಲ್ಲ, "ನಾನು ಸುಳ್ಳು ಸಾಕ್ಷಿ ಹೇಳಿದೋಳು, ಬರ್ಕೊಳ್ಳಿ" ಎನ್ನುತ್ತಿದ್ದರು. ಕೆಲವರು ಚಿಲ್ಲರೆ ಹಾಕಿ ಹೋದರು.

ಸುದ್ದಿ ಜಾಗ ಕೊಳ್ಳುವವನ ಕಿವಿಗೆ ಬಿದ್ದಿರಬೇಕು. ಚಿಕ್ಕ ಯಜಮಾನ ನಮ್ಮ ಕೋಣೆಗೇ ಬಂದ. ಚಪ್ಪಲಿ ಹೊರಗೆ ಬಿಟ್ಟು, ಚಾಪೆಯ ಮೇಲೆ ಕೂತ. ನನ್ನ ಮಗಳು ಹೋಂವರ್ಕ್ ಬರೆಯುತ್ತಿದ್ದಳು, ಅವಳ ತಲೆ ಸವರಿದ. ನನಗೆ ಆ ಕೈ ಕತ್ತರಿಸಬೇಕೆನ್ನಿಸಿತು.

"ಅಮ್ಮಾ, ನನಗೂ ಮಕ್ಕಳಿದ್ದಾರೆ. ನಮ್ಮಪ್ಪ ನನಗೆ ಬಿಟ್ಟು ಹೋದ ಹಾಗೆ ನಾನೂ ಅವರಿಗೆ ಏನಾದ್ರೂ ಬಿಟ್ಟು ಹೋಗ್ಬೇಡ್ವಾ?"

"ನಿಮ್ಮಪ್ಪ ಬಿಟ್ಟು ಹೋಗ್ಲಿಲ್ಲ ಮಗಾ. ನಾವಿಬ್ರು ಕಿತ್ಕೊಂಡಿದ್ದು," ಎಂದರು ಅತ್ತೆ. "ಇರ್ಲಿ. ನಾನು ನನ್ನ ಮಗನಿಗೆ ಏನು ಬಿಟ್ಟು ಹೋಗ್ಲಿ, ನೀನೇ ಹೇಳು. ಆ ತೊಟ್ಟಿನಾ?"

ಅವನು ಚಾಪೆಯ ನೂಲು ಕೀಳುತ್ತ, ಅದೇ ಮೆದು ದನಿಯಲ್ಲಿ, "ಅವತ್ತು ರೂಮಲ್ಲಿ ನಿನ್ನ ಸೊಸೆನೂ ಇದ್ಲು ಅಲ್ವಾ?" ಎಂದ. "ಕೇಸು ಎದ್ರೆ ಅವಳನ್ನೂ ಎಳೀತಾರೆ. ಎಲ್ಲ ನೋಡ್ಕೊಂಡು ಸುಮ್ಮನಿದ್ಲು ಅಂತ. ಇಬ್ರೂ ಒಳಗೆ ಹೋದ್ರೆ ಈ ಮಗೂನ ಯಾರು ನೋಡ್ಕೋತಾರೆ? ಯೋಚ್ನೆ ಮಾಡು. ನಿಮ್ಮ ಒಳ್ಳೇದಕ್ಕೇ ಹೇಳಿದ್ದು."

ಎದ್ದು ಚಪ್ಪಲಿ ಮೆಟ್ಟಿ ಹೋದ. ಆ ಕೋಣೆಯಲ್ಲಿ ನಾನಿದ್ದದ್ದು ಅವನಿಗೆ ಕಂಡಿತ್ತು ಎಂದು ಅವತ್ತೇ ಗೊತ್ತಾದದ್ದು.

ನಾನು ಅತ್ತೆಯ ಕಾಲು ಹಿಡಿದುಕೊಂಡೆ. ಅತ್ತೆ, ಬೇಡ, ನಿಮ್ಮ ದಮ್ಮಯ್ಯ, ಬಿಟ್ಟುಬಿಡಿ, ಎಲ್ಲಾದರೂ ಸೇತುವೆ ಕೆಳಗೆ ಇರೋಣ, ನನ್ನ ಮಗಳನ್ನು ತಬ್ಬಲಿ ಮಾಡಬೇಡಿ ಎಂದು ಗೋಳಾಡಿದೆ. ನನಗೆ ಅಷ್ಟು ಭಯವಾಗಿತ್ತು. ಅತ್ತೆ ನನ್ನ ಮುಖ ಎತ್ತಿ ಸೆರಗಿನಿಂದ ಒರೆಸಿದರು.

"ನಿನ್ನ ಹೆಸರು ಎತ್ತಲ್ಲ ಕಣೇ. ನೀನು ಅಲ್ಲಿ ಇರ್ಲೇ ಇಲ್ಲ. ಆಯ್ತಾ?"

*

ಖಾಲಿ ಮಾಡಿಸಲು ಬಂದವರು ಬೆಳಗ್ಗೆ ಬೇಗನೇ ಬಂದರು. ಮೊದಲು ನನ್ನ ಗಂಡನ ಕೈಯಿಂದಲೇ ಬಾಯ್ಲರ್ ಆರಿಸಿದರು. ಅಷ್ಟು ವರ್ಷದಲ್ಲಿ ಆ ಅಂಗಳ ಅಷ್ಟು ನಿಶ್ಶಬ್ದವಾಗಿದ್ದನ್ನು ನಾನು ಕೇಳಿಲ್ಲ. ಆಮೇಲೆ ಒಂದೊಂದೇ ಕೋಣೆಯ ಸಾಮಾನು ಹೊರಗೆ ಎಸೆದು ಬೀಗ ಹಾಕಿಕೊಂಡು ಬಂದರು. ಇಸ್ತ್ರಿ ಮೇಜಿನ ನನ್ನ ಜೊತೆಗಾತಿಯೊಬ್ಬಳು ಬಾಣಂತಿ, ಅವಳನ್ನು ಮಂಚದ ಸಮೇತ ಹೊತ್ತು ತಂದು ಬಿಸಿಲಲ್ಲಿಟ್ಟರು. "ಹಲ್ಕಾ ಮುಂಡೇವಾ, ನಿಮ್ಮನ್ನೂ ಒಬ್ಬಳು ಹೆತ್ತಿಲ್ವೇನ್ರೋ" ಎಂದು ಅವಳು ಮಲಗಿದಲ್ಲಿಂದಲೇ ಬೈದಳು. ಅಕ್ಕ ತಮ್ಮ ಇಬ್ಬರೂ ಬಂದಿರಲಿಲ್ಲ. ಅಂಥ ಕೆಲಸಕ್ಕೆ ಅವರು ಯಾಕೆ ಬರುತ್ತಾರೆ?

ಅತ್ತೆ ತಮ್ಮ ಗಂಟು ತಲೆಯ ಮೇಲಿಟ್ಟುಕೊಂಡು ಹೊರಟರು. ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ಬಟ್ಟೆ ಸಾಗಿಸುವ ತಳ್ಳುಗಾಡಿಗಳಿಗೆ ಸಾಮಾನು ಹೇರಿ ಎಲ್ಲರೂ ಹಿಂದೆಯೇ ಹೊರಟೆವು. ಬೀದಿಯವರು ಅಂಗಡಿಯಿಂದ ಹೊರಗೆ ಬಂದು ನೋಡಿದರು. ಬಾಣಂತಿ ಗಾಡಿಯ ಮೇಲೆ, ಮಗು ಅವಳ ಮಗ್ಗುಲಲ್ಲಿ. ನನ್ನ ಮಗಳು ಪಾತ್ರೆ ಹೊತ್ತು ನನ್ನ ಜೊತೆ ನಡೆದಳು.

ಕೋರ್ಟಿನಲ್ಲಿ ಊಟದ ಬಿಡುವು. ಜಡ್ಜರ ಕುರ್ಚಿ ಖಾಲಿ, ಬೆಂಚುಗಳು ಖಾಲಿ, ಬಾಗಿಲು ಮಾತ್ರ ತೆರೆದಿತ್ತು. ಅತ್ತೆ ನೇರ ಒಳಗೆ ಹೋಗಿ ಗಂಟು ಕೆಳಗಿಟ್ಟು ಕಟಕಟೆ ಹತ್ತಿದರು. ಜವಾನ ಎಲ್ಲಿಂದಲೋ ಓಡಿ ಬಂದ.

"ಏಯ್ ಮುದುಕಿ! ಇಳಿ ಕೆಳಗೆ! ಇದೇನು ನಿಮ್ಮಪ್ಪನ ಮನೆನಾ?"

"ನಮ್ಮಪ್ಪನ ಮನೆ ಇದ್ದಿದ್ರೆ ಇಲ್ಲಿಗೆ ಯಾಕೋ ಬರ್ತಿದ್ವಿ?" ಎಂದ ನನ್ನ ಗಂಡ. ಜವಾನನನ್ನು ಸೊಂಟ ಹಿಡಿದು ಎತ್ತಿ ಹೊರಗಿಟ್ಟ. ಗಂಜಿ ಹಾಕುವವರು, ಹಿಂಡುವವರು, ಇಸ್ತ್ರಿಯವರು ಎಲ್ಲರೂ ಒಳಗೆ ಬಂದ ಮೇಲೆ ಬಾಗಿಲು ಹಾಕಿ, ಒಂದು ಬೆಂಚು ಎಳೆದು ಅಡ್ಡ ಇಟ್ಟು, ಅದಕ್ಕೆ ಬೆನ್ನು ಕೊಟ್ಟು ಕೂತ.

ಅತ್ತೆ ಖಾಲಿ ಕುರ್ಚಿಯ ಕಡೆ ತಿರುಗಿ ಎರಡೂ ಕೈ ಜೋಡಿಸಿದರು.

"ಸತ್ಯ ಹೇಳ್ತೀನಿ. ಸತ್ಯ ಬಿಟ್ಟು ಬೇರೆ ಹೇಳಲ್ಲ," ಎಂದರು. "ಉಯಿಲಿಗೆ ಬೆರಳೊತ್ತಿದ ದಿನ ಯಜಮಾನ್ರಿಗೆ ಪ್ರಜ್ಞೆ ಇರ್ಲಿಲ್ಲ. ಯಾರೂ ಓದಿ ಹೇಳ್ಲಿಲ್ಲ. ಅವರು ತಲೆ ಆಡಿಸ್ಲಿಲ್ಲ. ಕೈ ಎತ್ತಿ ಹಿಡಿದಿದ್ದು ನಾನು. ಬೆರಳು ಒತ್ತಿದ್ದು ಅವರ ಮಗ. ಮೊದಲ ಸಲ ಜಾರ್ತು, ಎರಡನೇ ಸಲ ಸರಿಯಾಗಿ ಬಿತ್ತು. ಕೋಣೆ ಉಳಿಯುತ್ತೆ ಅನ್ನೋ ಆಸೆಗೆ ನಾನು ಸುಳ್ಳು ಹೇಳ್ದೆ. ಅವನು ಆಸ್ತಿ ಆಸೆಗೆ ಹೇಳಿಸ್ದ. ನನಗೆ ಏನು ಶಿಕ್ಷೆನೋ ಅದು ಕೊಡಿ. ಅವನಿಗೆ ಬಂದಿದ್ದು ಅವನದಲ್ಲ ಅಂತ ಬರೀರಿ."

ಬಾಗಿಲು ಬಡಿಯತೊಡಗಿದರು. ಒಬ್ಬರಲ್ಲ, ನಾಲ್ಕಾರು ಜನ. ಪೊಲೀಸರನ್ನು ಕರೆಯಿರಿ ಎಂದು ಯಾರೋ ಕೂಗಿದರು. ಬೆಂಚು ಅಲುಗಿತು, ನನ್ನ ಗಂಡ ಕಾಲು ಊರಿ ಇನ್ನೂ ಬಿಗಿಯಾಗಿ ಒರಗಿದ. ಇಸ್ತ್ರಿಯವರು ನಾಲ್ಕು ಜನ ಹೋಗಿ ಅವನ ಪಕ್ಕ ಒತ್ತಿ ಕೂತರು.

"ರೂಮಲ್ಲಿ ಇದ್ದಿದ್ದು ಯಜಮಾನ್ರು, ಅವರ ಮಗ, ವಕೀಲ್ರು, ಅವರ ಗುಮಾಸ್ತ, ನಾನು," ಎಂದರು ಅತ್ತೆ. ನನ್ನ ಕಡೆ ನೋಡಲಿಲ್ಲ. "ಬೇರೆ ಯಾರೂ ಇರ್ಲಿಲ್ಲ ಸ್ವಾಮಿ."

ಮಗಳ ಕೈಯಲ್ಲಿದ್ದ ಪಾತ್ರೆ ತೆಗೆದು ಕೆಳಗಿಟ್ಟೆ. ಅವಳನ್ನು ಬಾಣಂತಿಯ ಪಕ್ಕ ಕೂರಿಸಿ, ಇಲ್ಲೇ ಇರು, ಏಳಬೇಡ ಎಂದೆ. ಅತ್ತೆ ಕಟಕಟೆಯಿಂದ ಇಳಿದರು. ನಾನು ಹತ್ತುವುದನ್ನು ಕಂಡು, "ಏಯ್, ಬೇಡ ಕಣೇ" ಎಂದು ಸೆರಗು ಹಿಡಿದು ಎಳೆದರು. ಬಿಡಿಸಿಕೊಂಡೆ.

"ನಮ್ಮತ್ತೆ ಈಗ ಹೇಳಿದ್ರಲ್ಲಿ ಒಂದು ಸುಳ್ಳಿದೆ," ಎಂದೆ ಖಾಲಿ ಕುರ್ಚಿಗೆ. "ಅವತ್ತು ರೂಮಲ್ಲಿ ನಾನೂ ಇದ್ದೆ."